ಕೆನ್ನೆಯಲ್ಲಿ ಕೆಂಪು, ಕೈಗಂಟುಗಳಲ್ಲಿ ನೋವು, ಆಗಾಗ ಜ್ವರ: ಯಾವ ಡಾಕ್ಟರರಿಗೆ ತೋರಿಸಬೇಕು?

ಪೆರ್ಲದ ಕೃಷಿಕ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಎರಡು ಎಕರೆ ಅಡಿಕೆ ತೋಟ, ಗುಡ್ಡೆಯಲ್ಲಿ ಒಂದಷ್ಟು ಗೇರುಮರ. ಬರೆಯುತ್ತಿರುವುದು ನನ್ನ ಹೆಂಡತಿಯ ವಿಷಯ. ಅವಳಿಗೆ ಈಗ 36 ವರ್ಷ. ಹದಿನಾಲ್ಕು ತಿಂಗಳಿನಿಂದ ಒಂದಲ್ಲ ಒಂದು ತೊಂದರೆ. ಐದು ಮಂದಿ ಡಾಕ್ಟರರಿಗೆ ತೋರಿಸಿ ಆಯಿತು. ಐವರೂ ಬೇರೆ ಬೇರೆ ಮಾತು ಹೇಳಿದರು. ಆರನೆಯವರು ಯಾರಾಗಬೇಕು ಎಂದು ಕೇಳಲು ಇಲ್ಲಿಗೆ ಬಂದಿದ್ದೇನೆ.

2024ರ ಡಿಸೆಂಬರಿನಲ್ಲಿ ಶುರುವಾಯಿತು. ಅಂಗಳದಲ್ಲಿ ಅಡಿಕೆ ಹರಡಿದ್ದ ಸಮಯ. ಒಣಗಿ ಚಾಲಿ ಅಡಿಕೆ ಆಗಬೇಕಾದರೆ ನಲವತ್ತು, ನಲವತ್ತೈದು ದಿನದ ಬಿಸಿಲು ಬೇಕು. ದಿನವೂ ಮಗುಚುವುದು, ಮೋಡ ಕಂಡರೆ ರಾಶಿ ಹಾಕಿ ಮುಚ್ಚುವುದು, ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಒಂದು ಸಂಜೆ ನಾನು ತೋಟದಿಂದ ಬಂದಾಗ ಅವಳ ಎರಡೂ ಕೆನ್ನೆಗಳು ಕೆಂಪಾಗಿದ್ದವು. ಮುಟ್ಟಿದರೆ ಬಿಸಿ. ತುರಿಕೆ ಅಷ್ಟಿರಲಿಲ್ಲ, ಉರಿ ಇತ್ತು. ಬಿಸಿಲು ತಾಗಿರಬೇಕೆಂದು ಮರುದಿನದಿಂದ ತಲೆಗೆ ಹಾಳೆಯ ಟೊಪ್ಪಿ, ಮುಟ್ಟಾಳೆ ಇಟ್ಟುಕೊಂಡು ಅಂಗಳಕ್ಕಿಳಿದಳು. ಆದರೂ ಕಡಿಮೆಯಾಗಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಕೈಬೆರಳುಗಳ ಹಿಂಬದಿಯಲ್ಲಿಯೂ ಕೆಂಪು ಕಾಣಿಸಿತು.

ಮೊದಲು ನಮ್ಮ ಊರಿನ ಡಾಕ್ಟರರ ಬಳಿಗೆ ಹೋದೆವು. ಅಲರ್ಜಿ ಎಂದು ಮಾತ್ರೆ ಕೊಟ್ಟರು. ಹತ್ತು ದಿನ ನುಂಗಿದಳು, ನಿದ್ದೆ ಬಂದದ್ದು ಮಾತ್ರ. ಆಮೇಲೆ ಪೇಟೆಯ ಚರ್ಮರೋಗ ತಜ್ಞರು. ಅಲ್ಲಿ ಬೋರ್ಡಿನಲ್ಲಿ ‘ಚರ್ಮ, ಲೈಂಗಿಕ ರೋಗ, ಕುಷ್ಠರೋಗ’ ಎಂದು ಬರೆದಿದ್ದುದನ್ನು ನೋಡಿ ಅವಳು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟಳು. ಯಾರಾದರೂ ನೋಡಿದರೆ ಏನೆಂದುಕೊಳ್ಳುತ್ತಾರೆ ಎಂದು ಅವಳ ಸಂಕಟ. ಹೇಗೋ ಒಳಗೆ ಕರೆದುಕೊಂಡು ಹೋದೆ. ನಾನು ತೋಟಕ್ಕೆ ಮದ್ದು ಬಿಡುವವನು, ನನ್ನ ಬಟ್ಟೆ ಒಗೆಯುವವಳು ಅವಳು ಎಂದು ತಿಳಿದ ಮೇಲೆ ಅವರು ಆ ಮದ್ದಿನಲ್ಲಿರುವ ಮೈಲುತುತ್ತಿನ ಅಲರ್ಜಿ ಎಂದರು. ಹಚ್ಚಲು ಮುಲಾಮು ಕೊಟ್ಟರು. ಸ್ವಲ್ಪ ತಿಳಿಯಾಯಿತು, ಮತ್ತೆ ಬಂತು.

ಮಾರ್ಚ್ ಹೊತ್ತಿಗೆ ಬೆರಳಿನ ಗಂಟುಗಳು, ಮಣಿಕಟ್ಟು ನೋಯತೊಡಗಿದವು. ಬೆಳಿಗ್ಗೆ ಎದ್ದರೆ ಬಾವಿಯ ಹಗ್ಗ ಹಿಡಿಯಲಾಗುವುದಿಲ್ಲ, ದೋಸೆಯ ಸಟ್ಟುಗವೂ ಭಾರ. ಎಂಟೂವರೆ, ಒಂಬತ್ತರ ಅನಂತರ ಕೈ ಸಡಿಲವಾಗುತ್ತದೆ. ಎಲುಬಿನ ಡಾಕ್ಟರರು ಎಕ್ಸ್‌ರೇ ತೆಗೆಸಿ, ಏನೂ ಇಲ್ಲ ಎಂದು ಹೇಳಿ ನೋವಿನ ಮಾತ್ರೆಯನ್ನೂ ಕ್ಯಾಲ್ಸಿಯಮನ್ನೂ ಬರೆದುಕೊಟ್ಟರು. ಈ ನವೆಂಬರಿನಲ್ಲಿ ಸಣ್ಣ ಜ್ವರ ಶುರುವಾಯಿತು. 99, 100, ಅದಕ್ಕಿಂತ ಮೇಲೆ ಹೋಗುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ನಾಲ್ಕನೆಯ ಡಾಕ್ಟರರು ಡೆಂಗಿ, ಇಲಿಜ್ವರ ಎಲ್ಲ ಪರೀಕ್ಷೆ ಮಾಡಿ ಇಲ್ಲವೆಂದರು. ಬಿಳಿ ರಕ್ತಕಣ 3,100ಕ್ಕೆ ಇಳಿದಿತ್ತು. ವೈರಲ್ ಇರಬೇಕು, ತಾನಾಗಿ ಸರಿಹೋಗುತ್ತದೆ ಎಂದರು. ಐದನೆಯವರು ಇನ್ನೊಬ್ಬ ಚರ್ಮರೋಗ ತಜ್ಞರು. ಅವರು ಸೋಪು ಬದಲಾಯಿಸಲು ಹೇಳಿದರು.

ಅಮ್ಮ ನಾಗನ ದೋಷವಿರಬಹುದೆಂದರು. ನಾಗನಿಗೆ ತಂಬಿಲ ಸೇವೆ ಮಾಡಿಸಿದೆವು. ಮನಸ್ಸಿಗೆ ನೆಮ್ಮದಿಯಾಯಿತು ಎಂದು ಅವಳೇ ಹೇಳಿದಳು. ಮೈಯ ಕಾಯಿಲೆ ಹಾಗೆಯೇ ಇದೆ.

ಇನ್ನೊಂದು ಮಾತನ್ನು ಬರೆಯಲೇಬೇಕು. ಅವಳ ತವರು ಗೇರು ತೋಟದ ಅಂಚಿನಲ್ಲಿದೆ. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಅವಳು ಸಣ್ಣ ಹುಡುಗಿ. 2000ದಲ್ಲಿ ಅದು ನಿಲ್ಲುವಾಗ ಅವಳಿಗೆ ಹನ್ನೊಂದು ವರ್ಷ. ಆ ನೀರನ್ನೇ ಕುಡಿದು ಬೆಳೆದವಳು. ಮದುವೆಯಾಗಿ ಬಂದ ಮೇಲೆ ನನ್ನ ನೀಲಿ ಹಿಡಿದ ಅಂಗಿಗಳನ್ನು ಒಗೆದಳು. ಅವಳ ಮೈಗೆ ವಿಷ ಸೇರಿದ್ದರೆ ಒಂದು ಪಾಲು ನನ್ನಿಂದಲೂ ಆಗಿದೆಯೋ ಎಂಬ ಯೋಚನೆಯಲ್ಲಿ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಈಗ ಯಾರ ಬಳಿಗೆ ಹೋಗಬೇಕು? ಮತ್ತೊಬ್ಬ ಚರ್ಮದ ಡಾಕ್ಟರೇ? ಅಲರ್ಜಿ ತಜ್ಞರೇ? ಮಂಗಳೂರಿಗೆ ಹೋದರೆ ಅಲ್ಲಿ ಯಾವ ವಿಭಾಗಕ್ಕೆ ಚೀಟಿ ಮಾಡಿಸಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.


ಕುಂಬಳೆಯಿಂದ

ಅಣ್ಣಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನನಗೆ ಒಂಬತ್ತು ವರ್ಷಗಳಿಂದ ಲೂಪಸ್ ಇದೆ, ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ಕಾಯಿಲೆ ಅದು. ನಿಮ್ಮ ಮನೆಯವರಿಗೂ ಅದೇ ಎಂದು ನಾನು ಹೇಳಬಾರದು, ಹೇಳುವುದೂ ಇಲ್ಲ. ಆದರೆ ನೀವು ಐದು ಕಡೆ ಹಂಚಿದ ಸಂಗತಿಗಳನ್ನು ಒಂದೇ ಕಡೆ ಬರೆದಾಗ ನನ್ನ ಹಳೆಯ ದಿನಗಳು ಕಣ್ಣ ಮುಂದೆ ಬಂದವು. ಅದಕ್ಕಾಗಿ ಕೆಲವು ವಿಷಯ ಕೇಳುತ್ತೇನೆ.

ಕೆನ್ನೆಯ ಕೆಂಪು ಮೂಗಿನ ಮೇಲೆಯೂ ಹಾದುಹೋಗುತ್ತದೆಯೇ? ಮೂಗಿನ ಪಕ್ಕದಿಂದ ಬಾಯಿಯ ಕಡೆಗೆ ಇಳಿಯುವ ಗೆರೆಯಿದೆಯಲ್ಲ, ಅದರ ಒಳಗೆ ಕೆಂಪು ಇದೆಯೇ, ಇಲ್ಲ ಆ ಗೆರೆಯನ್ನು ಬಿಟ್ಟು ಉಳಿದಿದೆಯೇ? ಬಾಯಿಯೊಳಗೆ, ಮೇಲಿನ ಅಂಗುಳಿನಲ್ಲಿ ಹುಣ್ಣು ಇದೆಯೇ? ಅದು ನೋಯದೆ ಇರಬಹುದು, ಟಾರ್ಚ್ ಹಿಡಿದು ನೋಡಿ. ಕೂದಲು ಉದುರುತ್ತದೆಯೇ? ಫ್ರಿಜ್ಜಿನಿಂದ ಹಾಲಿನ ತೊಟ್ಟೆ ತೆಗೆದಾಗ ಬೆರಳಿನ ತುದಿ ಬೆಳ್ಳಗಾಗುತ್ತದೆಯೇ? ಮೂತ್ರದಲ್ಲಿ ನೊರೆ ನಿಲ್ಲುತ್ತದೆಯೇ, ಬೆಳಿಗ್ಗೆ ಕಾಲು ಅಥವಾ ಕಣ್ಣಿನ ರೆಪ್ಪೆ ಊದಿರುತ್ತದೆಯೇ?

ಇವನ್ನು ನೀವು ಊಹಿಸಿ ಉತ್ತರಿಸಬೇಡಿ. ಅವರನ್ನೇ ಕೇಳಿ.

ನನಗೆ ಕಾಯಿಲೆಯ ಹೆಸರು ತಿಳಿಯಲು ಎರಡು ವರ್ಷ ಬೇಕಾಯಿತು. ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ತಿನ್ನುತ್ತ ಕಾಲ ಕಳೆದೆ. ಕೊನೆಗೆ ಕಂಡುಹಿಡಿದವರು ಒಬ್ಬ ಚರ್ಮರೋಗ ತಜ್ಞೆ. ಅವರು ನನ್ನ ಮುಖ ನೋಡಿ, ಕೈಗಂಟು ಒತ್ತಿ ನೋಡಿ, ಮೊದಲು ಬರೆದದ್ದು ಮೂತ್ರ ಪರೀಕ್ಷೆ. ಚರ್ಮಕ್ಕೆ ತೋರಿಸಲು ಬಂದವಳಿಗೆ ಮೂತ್ರ ಏಕೆ ಎಂದು ನಾನು ವಾದಿಸಿದ್ದೆ. ಅದರಲ್ಲೇ ಪ್ರೋಟೀನ್ ಸಿಕ್ಕಿತು. ಮೂತ್ರಪಿಂಡಕ್ಕೆ ತೊಂದರೆ ಶುರುವಾಗಿತ್ತು, ನನಗೆ ಒಂದಿಷ್ಟೂ ನೋವಿರಲಿಲ್ಲ.

ನೀವು ಮಂಗಳೂರಿಗೆ ಹೋಗುವುದಾದರೆ ಸೀದಾ ರುಮಟಾಲಜಿಸ್ಟರಿಗೆ ಚೀಟಿ ಮಾಡಿಸಿ. ಎಲುಬಿನ ಡಾಕ್ಟರರೇ ಬೇರೆ, ಇವರೇ ಬೇರೆ. ಎಲುಬಿನವರು ಶಸ್ತ್ರಚಿಕಿತ್ಸೆ ಕಲಿತವರು. ಇವರು ಮೆಡಿಸಿನ್ ಎಂ.ಡಿ. ಮುಗಿಸಿ, ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳನ್ನು ನೋಡಲು ಮತ್ತೆ ಕಲಿತವರು. ಕನ್ನಡದಲ್ಲಿ ಸಂಧಿವಾತ ತಜ್ಞರು ಎಂದು ಬರೆದಿರುತ್ತದೆ. ಆ ಹೆಸರು ನೋಡಿ, ಮುದುಕರ ಮಂಡಿನೋವಿಗೆ ಮಾತ್ರ ಎಂದುಕೊಂಡು ನಾವು ಹೆಂಗಸರು ಹಾದುಹೋಗುತ್ತೇವೆ.


ಉಪ್ಪಳದ ಮದ್ದಿನಂಗಡಿ

ಹಚ್ಚಿದ ಮುಲಾಮು ಯಾವುದು ಎಂದು ಟ್ಯೂಬಿನ ಮೇಲೆ ಓದಿ ನೋಡಿ. ಕ್ಲೊಬೆಟಸಾಲ್, ಬೀಟಾಮೆಥಾಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ತಜ್ಞರು ಇಷ್ಟು ದಿನ ಎಂದು ಲೆಕ್ಕ ಹೇಳಿ ಕೊಟ್ಟಿದ್ದರೆ ಸರಿ. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಹಳೆಯ ಚೀಟಿ ತಂದು, ಅಥವಾ ಖಾಲಿ ಟ್ಯೂಬ್ ತೋರಿಸಿ, ಮತ್ತೆ ಮತ್ತೆ ಕೇಳುತ್ತಾರೆ. ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಮುಖದ ಚರ್ಮ ತೆಳುವಾಗಿ, ಹಚ್ಚಿದರೆ ಮಾತ್ರ ತಡೆಯುವ, ಬಿಟ್ಟರೆ ಉರಿಯುವ ಸ್ಥಿತಿಗೆ ಬಂದವರನ್ನು ಕಂಡಿದ್ದೇನೆ. ಹಾಗಾದ ಮೇಲೆ ಮೂಲ ಕಾಯಿಲೆ ಯಾವುದು, ಮುಲಾಮಿನಿಂದ ಆದದ್ದು ಯಾವುದು ಎಂದು ತಜ್ಞರಿಗೂ ಗುರುತಿಸಲು ಕಷ್ಟ.

ಸ್ಟೀರಾಯ್ಡ್ ಮಾತ್ರೆಯನ್ನು ವಾರಗಟ್ಟಲೆ ತಿಂದಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸಬೇಡಿ. ಡಾಕ್ಟರರ ಸಲಹೆಯಂತೆ ಇಳಿಸುತ್ತ ಬರಬೇಕು. ಏನೇನು ತಿಂದಿದ್ದಾರೋ ಆ ಮಾತ್ರೆಗಳ ಖಾಲಿ ಪಟ್ಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಕೊಂಡುಹೋಗಿ. ಕಷಾಯ, ಭಸ್ಮ, ಲೇಹ್ಯ ಇದ್ದರೆ ಅದನ್ನೂ.


ನಿವೃತ್ತ, ಮುಳ್ಳೇರಿಯ

ನಾನು ಆರೋಗ್ಯ ಇಲಾಖೆಯಲ್ಲಿ ಇದ್ದವನು. ಚರ್ಮದ ಡಾಕ್ಟರರ ಬೋರ್ಡಿನ ಬಗ್ಗೆ ಬರೆದಿದ್ದೀರಿ. ನಮ್ಮ ದೇಶದಲ್ಲಿ ಆ ಮೂರೂ ಒಂದೇ ಎಂ.ಡಿ. ಪದವಿಯ ಕೆಳಗೆ ಬರುತ್ತವೆ. ಹಾಗಾಗಿ ಮೂರನ್ನೂ ಬರೆಯುತ್ತಾರೆ. ಗಜಕರ್ಣಕ್ಕೂ ಅವರೇ, ಕೂದಲಿಗೂ ಅವರೇ. ನಿಮ್ಮ ಮನೆಯವರಿಗೆ ಇದನ್ನು ಹೇಳಿ, ಇನ್ನೊಮ್ಮೆ ಹೋಗಬೇಕಾಗಿ ಬಂದರೆ ಧೈರ್ಯದಿಂದ ಮೆಟ್ಟಿಲು ಹತ್ತಲಿ.

ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಿ. ಅವರು ಕಣ್ಣು ಮುಚ್ಚಿಕೊಂಡಿರಲಿ. ಹತ್ತಿಯ ಎಳೆಯನ್ನು ಮೊನೆ ಮಾಡಿ ಕೆಂಪು ಇರುವಲ್ಲಿ, ಇಲ್ಲದಲ್ಲಿ ಮೆತ್ತಗೆ ತಾಗಿಸಿ, ತಾಗಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಿ. ಎಲ್ಲಿಯಾದರೂ ತಾಗಿದ್ದು ತಿಳಿಯದಿದ್ದರೆ ಕುಷ್ಠವಿರಬಹುದೇ ಎಂದು ಮೊದಲು ನೋಡಿಸಬೇಕು. ಹೆಸರು ಕೇಳಿ ಹೆದರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆರು ತಿಂಗಳೋ ಹನ್ನೆರಡು ತಿಂಗಳೋ ಔಷಧ ಕೊಡುತ್ತಾರೆ, ಪೂರ್ತಿ ಗುಣವಾಗುತ್ತದೆ. ಅದರಲ್ಲಿಯೂ ಕೆಲವರಿಗೆ ಜ್ವರ, ಗಂಟುನೋವು ಬರುವುದನ್ನು ನಾನು ಕೆಲಸದ ದಿನಗಳಲ್ಲಿ ಕಂಡಿದ್ದೇನೆ. ನೀವು ಬರೆದ ಲಕ್ಷಣ ಅದರದ್ದು ಎಂದು ನನಗೆ ಅನಿಸುವುದಿಲ್ಲ. ಆದರೂ ಎರಡು ನಿಮಿಷದ ಕೆಲಸವನ್ನು ಬಿಡಬಾರದು.


ಪೆರ್ಲದ ಕೃಷಿಕ

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಊಟವಾದ ಮೇಲೆ ಕುಂಬಳೆಯ ಅಕ್ಕ ಕೇಳಿದ್ದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಅವಳು ಕೊಟ್ಟ ಉತ್ತರಗಳನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ.

ಅಂಗುಳಿನಲ್ಲಿ ಹುಣ್ಣು ಇದೆ. ಆರು ತಿಂಗಳಿನಿಂದ ಬಂದು ಹೋಗುತ್ತಿದೆಯಂತೆ. ನೋವಿಲ್ಲದ ಕಾರಣ ಹೇಳಲಿಲ್ಲ. ಕೂದಲು ಕೈತುಂಬ ಬರುತ್ತಿದೆ. ಸ್ನಾನದ ಕೋಣೆಯಲ್ಲಿ ನಾನು ನೋಡುವ ಮೊದಲೇ ಹೆಕ್ಕಿ ಎಸೆಯುತ್ತಿದ್ದಳಂತೆ. ಬೆರಳು ಬೆಳ್ಳಗಾಗುವುದೂ ಹೌದು. ಮೂತ್ರದಲ್ಲಿ ನೊರೆ ಇರುತ್ತದೆ, ಸೋಪಿನ ನೊರೆಯ ಹಾಗೆ ನಿಲ್ಲುತ್ತದೆ ಎಂದಳು. ಮೂಗಿನ ಪಕ್ಕದ ಗೆರೆಯೊಳಗೆ ಕೆಂಪು ಇಲ್ಲ, ನಾನೇ ಟಾರ್ಚ್ ಹಿಡಿದು ನೋಡಿದೆ. ಹತ್ತಿ ತಾಗಿಸಿದಲ್ಲೆಲ್ಲ ಸರಿಯಾಗಿ ತೋರಿಸಿದಳು. ಮುಲಾಮು ಬೀಟಾಮೆಥಾಸೋನೇ. ಅವರು ಬರೆದದ್ದು ಒಂದು ಟ್ಯೂಬ್, ನಾನು ಮತ್ತೆ ನಾಲ್ಕು ತಂದುಕೊಟ್ಟಿದ್ದೆ.

ಇಷ್ಟನ್ನು ಅವಳು ಐವರು ಡಾಕ್ಟರರಲ್ಲಿ ಒಬ್ಬರಿಗೂ ಏಕೆ ಹೇಳಲಿಲ್ಲ ಎಂದು ಕೇಳಿದೆ. ‘ಮಾತನಾಡಿದ್ದು ನೀವಲ್ಲವೇ’ ಎಂದಳು. ನಿಜ. ಪೇಟೆಯಲ್ಲಿ ಡಾಕ್ಟರರು ಮಲಯಾಳದಲ್ಲಿ ಕೇಳುತ್ತಾರೆ. ಅವಳಿಗೆ ಕೇಳಿದರೆ ತಿಳಿಯುತ್ತದೆ, ಆಡಲು ಸಂಕೋಚ. ಅವಳಿಗೆ ಕೇಳಿದ ಪ್ರತಿ ಪ್ರಶ್ನೆಗೂ ನಾನು ಉತ್ತರ ಹೇಳುತ್ತಿದ್ದೆ. ನಾನು ಕಂಡದ್ದನ್ನು ಹೇಳಿದೆ. ನನಗೆ ಕಾಣದೆ ಇದ್ದದ್ದು ಅಲ್ಲಿಗೆ ತಲುಪಲೇ ಇಲ್ಲ.


ಬಾಯಾರು ಮೂಲದ ವೈದ್ಯೆ

ನಾನು ಈಗ ಊರಿನಲ್ಲಿಲ್ಲ, ಜನರಲ್ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೋಡದೆ ರೋಗದ ಹೆಸರು ಹೇಳುವುದು ತಪ್ಪು, ಆದ್ದರಿಂದ ಯಾರಿಗೆ ತೋರಿಸಬೇಕು ಎಂಬ ನಿಮ್ಮ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ.

ಮೊದಲು ನಿಮ್ಮ ಬರಹದಲ್ಲೇ ಇರುವ ಒಂದು ವಿಷಯ. ಮೈಲುತುತ್ತಿನಿಂದ ಆದದ್ದಾದರೆ ಮದ್ದು ಬಿಡುವ ತಿಂಗಳುಗಳಲ್ಲಿ, ಅಂದರೆ ಮೇ ಕೊನೆಯಿಂದ ಆಗಸ್ಟಿನವರೆಗೆ ಹೆಚ್ಚಾಗಬೇಕಿತ್ತು. ನಿಮ್ಮ ಲೆಕ್ಕದಲ್ಲಿ ಡಿಸೆಂಬರಿನಲ್ಲಿ ಶುರು, ಮಾರ್ಚಿನಲ್ಲಿ ಗಂಟುನೋವು, ಮತ್ತೆ ನವೆಂಬರಿನಲ್ಲಿ ಜ್ವರ. ನಡುವಿನ ಮಳೆಗಾಲದ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಆಗ ಅವರು ಹೇಗಿದ್ದರು? ಕಡಿಮೆ ಇತ್ತು ಎಂದಾದರೆ ನಿಮ್ಮ ಅಂಗಿಗಿಂತ ಅಂಗಳದ ಬಿಸಿಲಿನ ಮೇಲೆ ನನಗೆ ಹೆಚ್ಚು ಅನುಮಾನ. ಇದನ್ನು ನೀವು ವೈದ್ಯರಿಗೆ ಹೇಳಬೇಕು. ‘ಬಿಸಿಲಿಗೆ ಹೋದರೆ ಆಗುತ್ತದೆಯೇ’ ಎಂದು ಕೇಳಿದರೆ ನಮ್ಮ ಕಡೆ ಎಲ್ಲರೂ ಹೌದೆನ್ನುತ್ತಾರೆ. ‘ಅಡಿಕೆ ಹರಡುವ ತಿಂಗಳಲ್ಲಿ ಬಂತು, ಮಳೆಗಾಲದಲ್ಲಿ ಇಳಿಯಿತು’ ಎಂದು ಹೇಳಿದರೆ ವೈದ್ಯರಿಗೆ ಅದು ಒಂದು ಪರೀಕ್ಷೆಯ ವರದಿಯಷ್ಟೇ ಬೆಲೆಬಾಳುತ್ತದೆ.

ಚರ್ಮದ ತೊಂದರೆ ಚರ್ಮದಲ್ಲಿ ಮಾತ್ರ ಇದ್ದರೆ ಚರ್ಮರೋಗ ತಜ್ಞರೇ ಸಾಕು. ಅದರ ಜೊತೆಗೆ ಜ್ವರ, ಬೆಳಗಿನ ಹೊತ್ತು ಬಿಗಿಯುವ ಗಂಟುಗಳು, ಕಡಿಮೆಯಾದ ರಕ್ತಕಣ, ಮೂತ್ರದ ನೊರೆ ಇದ್ದರೆ, ಆ ಎಲ್ಲವನ್ನೂ ಒಟ್ಟಿಗೆ ನೋಡುವವರು ಬೇಕು. ಕೊನೆಗೆ ರುಮಟಾಲಜಿಸ್ಟರಿಗೇ ತೋರಿಸಬೇಕಾಗಬಹುದು, ಕುಂಬಳೆಯ ಅಕ್ಕ ಹೇಳಿದ್ದು ಸರಿ. ಆದರೆ ಅವರು ಸಂಖ್ಯೆಯಲ್ಲಿ ಕಡಿಮೆ, ದಿನಾಂಕ ಸಿಗುವುದು ತಡವಾಗಬಹುದು. ಮೂತ್ರದಲ್ಲಿ ನೊರೆ ಇದೆ ಎಂದ ಮೇಲೆ ನೀವು ಆ ದಿನಾಂಕಕ್ಕೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. ನಾಳೆಯೇ ಹತ್ತಿರದ ಮೆಡಿಸಿನ್ ಎಂ.ಡಿ. ಡಾಕ್ಟರರಿಗೆ ತೋರಿಸಿ. ನಿಮಗೆ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗ ಹತ್ತಿರ. ಯಾವ ದಿನ ಯಾರಿರುತ್ತಾರೆ ಎಂದು ಮೊದಲೇ ವಿಚಾರಿಸಿ ಹೊರಡಿ. ರಕ್ತದೊತ್ತಡ, ಮೂತ್ರ ಪರೀಕ್ಷೆ, ಮೂತ್ರದ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ, ರಕ್ತದ ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆ, ಸ್ವಂತ ದೇಹದ ವಿರುದ್ಧವೇ ಹುಟ್ಟುವ ಪ್ರತಿಕಾಯಗಳನ್ನು ಹುಡುಕುವ ಎ.ಎನ್.ಎ. ರಕ್ತಪರೀಕ್ಷೆ. ಇಷ್ಟಾದರೆ ಮುಂದಿನ ದಾರಿ ಸ್ಪಷ್ಟವಾಗುತ್ತದೆ. ಎ.ಎನ್.ಎ. ಒಂದನ್ನೇ ನೋಡಿ ಹೆದರಬೇಡಿ. ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅದು ಪಾಸಿಟಿವ್ ಬರುತ್ತದೆ, ಆದರೆ ಏನೂ ಇಲ್ಲದ ಆರೋಗ್ಯವಂತರಲ್ಲಿಯೂ ಬರುವುದುಂಟು.

ಅಲರ್ಜಿ ತಜ್ಞರ ಬಗ್ಗೆ ಕೇಳಿದ್ದೀರಿ. ನೂರಾರು ವಸ್ತುಗಳ ಅಲರ್ಜಿ ಪರೀಕ್ಷೆಯ ಉದ್ದದ ಪಟ್ಟಿಗೆ ಈಗ ಹಣ ಹಾಕಬೇಡಿ. ತಿಂಗಳುಗಟ್ಟಲೆ ಜ್ವರವೂ ಗಂಟುನೋವೂ ಇರುವಲ್ಲಿ ಅದರಿಂದ ಉತ್ತರ ಸಿಗುವುದಿಲ್ಲ.

ಬೆರಳುಗಳ ಹಿಂದಿನ ಕೆಂಪು ಗಂಟುಗಳ ಮೇಲೆಯೇ ಇದೆಯೋ, ಗಂಟುಗಳನ್ನು ಬಿಟ್ಟು ನಡುವಿನ ಭಾಗದಲ್ಲಿ ಇದೆಯೋ ನೋಡಿ. ಕೆಳಗೆ ಕುಳಿತವರು ಕೈ ಊರದೆ ಏಳುತ್ತಾರೆಯೇ, ಅಟ್ಟದ ಮೇಲಿನ ಡಬ್ಬಿಗೆ ಕೈ ಎತ್ತುತ್ತಾರೆಯೇ ಎಂಬುದನ್ನೂ ಗಮನಿಸಿ. ಗಂಟುಗಳ ಮೇಲೆಯೇ ಕೆಂಪು ಬಂದು, ಏಳಲು ಕಷ್ಟವಾಗುತ್ತಿದ್ದರೆ ಅದು ಸ್ನಾಯುಗಳ ಬೇರೊಂದು ಕಾಯಿಲೆಯನ್ನು ಸೂಚಿಸಬಹುದು, ಆಗ ಪರೀಕ್ಷೆಗಳೂ ಬೇರೆ. ಚರ್ಮರೋಗ ತಜ್ಞರನ್ನು ಪೂರ್ತಿ ಬಿಡಬೇಡಿ. ಚರ್ಮದ ಚೂರು ತೆಗೆದು ನೋಡಬೇಕಾದರೆ ಅವರೇ ಬೇಕು.

ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಹಿಂದೆ ಗರ್ಭಪಾತವಾಗಿದೆಯೇ? ಆಗಿದ್ದರೆ ವೈದ್ಯರಿಗೆ ತಿಳಿಸಿ. ಎಲುಬಿನ ಡಾಕ್ಟರರು ಕೊಟ್ಟ ನೋವಿನ ಮಾತ್ರೆಯನ್ನು ಮೂತ್ರ ಪರೀಕ್ಷೆಯ ಫಲಿತಾಂಶ ಬರುವವರೆಗೆ ಕೊಡಬೇಡಿ, ಮೂತ್ರಪಿಂಡಕ್ಕೆ ತೊಂದರೆಯಾಗಿದ್ದರೆ ಅದು ಇನ್ನಷ್ಟು ಕೆಡಿಸುತ್ತದೆ. ಉಸಿರು ಕಟ್ಟುವುದು, ಮಲಗಿದರೆ ಹೆಚ್ಚಾಗುವ ಎದೆನೋವು, ಅಪಸ್ಮಾರ, ಮಾತು ತಡವರಿಸುವುದು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಯಾವ ವಿಭಾಗ ಎಂದು ಯೋಚಿಸದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಇನ್ನು, ಲಕ್ಷಣಗಳನ್ನು ಅವರೇ ಒಂದು ಹಾಳೆಯಲ್ಲಿ ಬರೆಯಲಿ. ಕನ್ನಡದಲ್ಲೇ ಬರೆಯಲಿ. ಓದಿ ಹೇಳುವ ಕೆಲಸ ನಿಮಗಿರಲಿ.


ಕುಂಬಳೆಯಿಂದ

ಡಾಕ್ಟರ್ ಹೇಳಿದ ಕ್ರಮವೇ ಸರಿ, ನಾನು ಒಪ್ಪುತ್ತೇನೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಭಯ. ಮೆಡಿಸಿನ್ ಡಾಕ್ಟರರ ಬಳಿ ಹೋಗಿ ‘ಜ್ವರ’ ಎಂದಷ್ಟೇ ಹೇಳಿದರೆ ಮತ್ತೆ ಅದೇ ಪ್ಯಾರಸಿಟಮಾಲ್ ಸಿಗುತ್ತದೆ. ಹಾಳೆಯನ್ನು ಅವರ ಮೇಜಿನ ಮೇಲೆ ಇಟ್ಟು, ಅವರು ಓದಿ ಮುಗಿಸುವವರೆಗೆ ಏಳಬೇಡಿ ಅಣ್ಣಾ.


ಪೆರ್ಲದ ಕೃಷಿಕ

ಮೂರು ವಾರದ ಬಳಿಕ ಬರೆಯುತ್ತಿದ್ದೇನೆ. ತಡವಾದುದಕ್ಕೆ ಕ್ಷಮಿಸಿ.

ಹಾಳೆಯನ್ನು ಅವಳು ಮಗಳ ನೋಟ್‌ಬುಕ್ಕಿನಿಂದ ಹರಿದುಕೊಂಡು ಅಡುಗೆಮನೆಯಲ್ಲಿ ಕುಳಿತು ಬರೆದಳು. ನಾನು ಪಕ್ಕದಲ್ಲಿರಲಿಲ್ಲ. ಕೆನ್ನೆ, ಬೆರಳು, ಜ್ವರ ಇವುಗಳಿಂದ ಶುರುಮಾಡುತ್ತಾಳೆ ಎಂದುಕೊಂಡಿದ್ದೆ. ಮೊದಲನೇ ಸಾಲಿನಲ್ಲಿ ಇದ್ದದ್ದು ‘2017 ಮತ್ತು 2019ರಲ್ಲಿ ಎರಡು ಬಾರಿ ಗರ್ಭ ನಿಲ್ಲಲಿಲ್ಲ’ ಎಂದು. ಮಗಳು ಹುಟ್ಟಿದ ಅನಂತರದ ಸಂಗತಿ ಅದು. ನಾವಿಬ್ಬರೂ ಆ ಮಾತನ್ನು ಮನೆಯಲ್ಲಿ ಎತ್ತದೆ ಎಷ್ಟೋ ವರ್ಷವಾಗಿತ್ತು. ಈ ಕಾಯಿಲೆಗೂ ಅದಕ್ಕೂ ಸಂಬಂಧವಿರಬಹುದು ಎಂದು ನನಗೆ ಕನಸಿನಲ್ಲಿಯೂ ಹೊಳೆದಿರಲಿಲ್ಲ. ಮಳೆಗಾಲದ ಬಗ್ಗೆ ಕೇಳಿದಾಗ ಯೋಚಿಸದೆ ಹೇಳಿದಳು: ಜೂನಿನಿಂದ ಸೆಪ್ಟೆಂಬರಿನವರೆಗೆ ಮುಖ ತಿಳಿಯಾಗಿತ್ತು, ನೋವೂ ಅರ್ಧ. ಅದೇ ತಿಂಗಳುಗಳಲ್ಲಿ ನಾನು ಮೂರು ಸಲ ಮದ್ದು ಬಿಟ್ಟಿದ್ದೆ, ಅವಳು ಮೂರು ಸಲವೂ ಬಟ್ಟೆ ಒಗೆದಿದ್ದಳು.

ಮೆಡಿಸಿನ್ ಡಾಕ್ಟರ್ ಯುವಕರು. ಹಾಳೆಯನ್ನು ನಾನು ಓದುತ್ತ ಹೋದಂತೆ ಅವರು ಮಲಯಾಳದಲ್ಲಿ ಬರೆದುಕೊಂಡರು. ಆಮೇಲೆ ನನ್ನನ್ನು ಸ್ವಲ್ಪ ಹೊರಗೆ ನಿಲ್ಲಲು ಹೇಳಿ, ತುಳು ಬಲ್ಲ ಒಬ್ಬ ನರ್ಸನ್ನು ಕರೆದು ಅವಳೊಡನೆ ಮಾತನಾಡಿದರು. ರಕ್ತದೊತ್ತಡ 150/96 ಇತ್ತು. ಹದಿನಾಲ್ಕು ತಿಂಗಳಿನಲ್ಲಿ ಅದನ್ನು ಅಳೆದದ್ದು ಅಂದೇ ಮೊದಲು. ಮೂತ್ರದಲ್ಲಿ ಪ್ರೋಟೀನ್, ಅನುಪಾತ 1.4, ಇರಬೇಕಾದುದಕ್ಕಿಂತ ಹೆಚ್ಚು. ಎ.ಎನ್.ಎ. ಪಾಸಿಟಿವ್. ಅವರೇ ಒಂದು ಪತ್ರ ಬರೆದು ಮಂಗಳೂರಿನ ರುಮಟಾಲಜಿ ವಿಭಾಗಕ್ಕೆ ಕಳುಹಿಸಿದರು. ಆ ಪತ್ರವಿದ್ದುದರಿಂದ ನಾಲ್ಕೇ ದಿನದಲ್ಲಿ ದಿನಾಂಕ ಸಿಕ್ಕಿತು.

ಮಂಗಳೂರಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಅವಳು ಕನ್ನಡದಲ್ಲಿ ಹೇಳುತ್ತಲೇ ಹೋದಳು, ನಾನು ಒಮ್ಮೆಯೂ ಬಾಯಿ ಹಾಕಲಿಲ್ಲ. ಡಿ.ಎನ್.ಎ. ವಿರುದ್ಧದ ಪ್ರತಿಕಾಯದ ಪರೀಕ್ಷೆಯೂ ಪಾಸಿಟಿವ್ ಬಂತು, ರಕ್ತದಲ್ಲಿ ಸಿ3 ಎಂಬ ರಕ್ಷಣಾ ಪ್ರೋಟೀನ್ ಕಡಿಮೆ ಇದೆ. ಕುಂಬಳೆಯ ಅಕ್ಕ, ನೀವು ಹೆಸರಿಸಿದ್ದೇ. ಲೂಪಸ್. ಗರ್ಭ ನಿಲ್ಲದೆ ಹೋದುದಕ್ಕೆ ರಕ್ತ ಹೆಪ್ಪುಗಟ್ಟಿಸುವ ಬೇರೆ ಪ್ರತಿಕಾಯಗಳಿವೆಯೇ ಎಂದು ಇನ್ನೊಂದು ಪರೀಕ್ಷೆಗೆ ರಕ್ತ ತೆಗೆದಿದ್ದಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆ ಶುರುವಾಗಿದೆ, ತೂಕ ನೋಡಿ ಪ್ರಮಾಣ ಬರೆದರು. ಕೆಲಸ ಮಾಡಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಮಧ್ಯದಲ್ಲಿ ಬಿಡಬಾರದು ಎಂದಿದ್ದಾರೆ. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಲು ಹೇಳಿದ್ದಾರೆ.

ನನ್ನನ್ನು ಕಾಡುತ್ತಿದ್ದ ಪ್ರಶ್ನೆಯನ್ನು ಕೊನೆಗೆ ಕೇಳಿದೆ. ಮೈಲುತುತ್ತಿನ ಬೋರ್ಡೋ ಮದ್ದು ತಾಗಿದ ಬಟ್ಟೆ ಒಗೆದು ಈ ಕಾಯಿಲೆ ಬರುವುದಿಲ್ಲ ಎಂದರು. ಹೆಲಿಕಾಪ್ಟರಿನ ಕಾಲದ ಬಗ್ಗೆ ಹೇಳಿದಾಗ ಅದನ್ನೂ ಬರೆದುಕೊಂಡರು. ಅವಳೊಬ್ಬಳನ್ನು ನೋಡಿ ಅದೇ ಕಾರಣ ಎಂದಾಗಲಿ, ಅಲ್ಲ ಎಂದಾಗಲಿ ಹೇಳಲು ತನ್ನಿಂದಾಗದು ಎಂದರು. ಈ ಕಾಯಿಲೆ ಬರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು, ವಿಷದ ಸುದ್ದಿಯೇ ಇಲ್ಲದ ಊರುಗಳಲ್ಲಿಯೂ ಇದೆ ಎಂದರು. ಅಂಗಳದ ಕೆಲಸಕ್ಕೆ ಮಾತ್ರ ಇನ್ನು ಅವಳನ್ನು ಬಿಡಬೇಡಿ ಎಂದು ನನ್ನ ಮುಖ ನೋಡಿ ಹೇಳಿದರು.

ಮೂತ್ರಪಿಂಡದ ಚೂರು ತೆಗೆದು ನೋಡುವ ಬಯಾಪ್ಸಿ ಗುರುವಾರ ಇದೆ. ಅದರ ಮೇಲೆ ಉಳಿದ ಔಷಧ ನಿರ್ಧಾರವಾಗುತ್ತದೆ. ಈ ಸಲದ ಅಡಿಕೆಗೆ ಇನ್ನೂ ಹದಿನೈದು ದಿನದ ಬಿಸಿಲು ಬೇಕು, ಅವಳ ಅಣ್ಣ ಬಂದು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಒಂದು ರಾತ್ರಿ ಆಸ್ಪತ್ರೆಯಲ್ಲಿರಬೇಕು. ಅಕ್ಕ, ನಿಮಗೆ ಬಯಾಪ್ಸಿ ಆದಾಗ ಏನೇನು ಕೊಂಡುಹೋಗಿದ್ದಿರಿ, ತುಂಬ ನೋಯುತ್ತದೆಯೇ ಎಂದು ಅವಳು ಕೇಳಿದ್ದಾಳೆ.


ಕುಂಬಳೆಯಿಂದ

ತಂಗಿಗೆ ಹೇಳಿ: ಸೂಜಿ ಹಾಕುವ ಜಾಗವನ್ನು ಮೊದಲು ಮರಗಟ್ಟಿಸುತ್ತಾರೆ. ಆಮೇಲೆ ಬೆನ್ನಿನಲ್ಲಿ ಯಾರೋ ಒತ್ತಿದ ಹಾಗೆ ಆಗುತ್ತದೆ, ಟಕ್ ಎಂದು ಶಬ್ದ ಕೇಳಿಸುತ್ತದೆ, ಅಷ್ಟೇ. ಕಷ್ಟವೆನಿಸುವುದು ಅದಾದ ಮೇಲೆ ಗಂಟೆಗಟ್ಟಲೆ ಅಂಗಾತ ಮಲಗಿರುವುದು. ಸಡಿಲವಾದ ನೈಟಿ, ಮಲಗಿಯೇ ಕುಡಿಯಲು ನಳಿಗೆಯಿರುವ ನೀರಿನ ಬಾಟಲಿ, ಒಂದು ತೆಳುವಾದ ಹೊದಿಕೆ. ವಾರ್ಡಿನಲ್ಲಿ ಎ.ಸಿ. ಇದ್ದರೆ ಬೆರಳು ಬೆಳ್ಳಗಾಗುತ್ತದೆ, ಕಾಲುಚೀಲವೂ ಇರಲಿ. ಆಮೇಲೆ ಎರಡು ವಾರ ಕೊಡಪಾನ ಎತ್ತಬಾರದು, ಬಾವಿಯ ಹಗ್ಗ ಮುಟ್ಟಲೇಬಾರದು. ಮೂತ್ರ ಕೆಂಪಾಗಿ ಹೋದರೆ ಸಂಕೋಚಪಡದೆ ನರ್ಸಿಗೆ ಹೇಳಲಿ.

ನನಗೂ ಶುಕ್ರವಾರ ಬೆಳಿಗ್ಗೆ ಮಂಗಳೂರಿನಲ್ಲಿ ತೋರಿಸಲಿಕ್ಕಿದೆ. ಯಾವ ಆಸ್ಪತ್ರೆ, ಯಾವ ವಾರ್ಡ್ ಎಂದು ಖಾಸಗಿ ಸಂದೇಶದಲ್ಲಿ ತಿಳಿಸಿ ಅಣ್ಣಾ. ಹತ್ತು ಗಂಟೆಯ ಒಳಗೆ ಬಂದು ಅವಳನ್ನು ನೋಡಿಕೊಂಡು ಹೋಗುತ್ತೇನೆ.